ಬೂದಿಯಲ್ಲಿ ಸುಟ್ಟ ಗೆಣಸು ಯಾಕೆ ಅಷ್ಟು ಸಿಹಿ?

ಸಂಕ್ರಾಂತಿ ಹತ್ತಿರ ಬಂತೆಂದರೆ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಗೆಣಸಿನ ರಾಶಿ ಬೀಳುತ್ತದೆ. ಅವರೆಕಾಯಿ, ಕಡಲೆಕಾಯಿ, ಕಬ್ಬಿನ ಜೊತೆ ಗೆಣಸೂ ಮನೆಗೆ ಬರದಿದ್ದರೆ ನಮ್ಮ ಕಡೆ ಹಬ್ಬ ಕಳೆಗಟ್ಟುವುದಿಲ್ಲ. ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ಹಬ್ಬದ ಹಿಂದಿನ ಸಂತೆಗೆ ಇದೇ ಸಂಭ್ರಮ. ಒಂದೇ ರಾಶಿಯಿಂದ ತೂಗಿಸಿಕೊಂಡು ಬಂದ ಗೆಣಸಿನಲ್ಲಿ ಅರ್ಧ ಕುಕ್ಕರಿಗೆ ಹೋಗುತ್ತದೆ. ಹಂಡೆ ಒಲೆ ಇನ್ನೂ ಉಳಿದಿರುವ ಮನೆಯಾದರೆ, ಮಿಕ್ಕ ಅರ್ಧವನ್ನು ಮಕ್ಕಳು ಬಚ್ಚಲ ಒಲೆಯ ಬೂದಿಯಲ್ಲಿ ಹೂತಿಡುತ್ತಾರೆ. ಕುಕ್ಕರಿನಲ್ಲಿ ಬೆಂದದ್ದು ಮೆತ್ತಗೆ, ಹಿಟ್ಟುಹಿಟ್ಟಾಗಿ, ತಕ್ಕಮಟ್ಟಿಗೆ ಸಿಹಿ. ಬೂದಿಯಲ್ಲಿ ಬೆಂದದ್ದನ್ನು ಮುರಿದರೆ ಒಳಗಿನ ತಿರುಳು ಹೊಳೆಯುತ್ತದೆ, ಬೆರಳಿಗೆ ಅಂಟುತ್ತದೆ, ಬೆಲ್ಲದ ಪಾಕದ ವಾಸನೆ ಬರುತ್ತದೆ.

ಗೆಣಸು ಅದೇ. ಸಕ್ಕರೆ ಯಾರೂ ಬೆರೆಸಿಲ್ಲ. ಹಾಗಾದರೆ ಆ ಹೆಚ್ಚಿನ ಸಿಹಿ ಬಂದದ್ದೆಲ್ಲಿಂದ?

ಇದಕ್ಕೆ ಜನರಲ್ಲಿ ಎರಡು ಉತ್ತರ ಬಳಕೆಯಲ್ಲಿವೆ. ಅದು ಕೆಂಡದ ರುಚಿ, ಹೊಗೆಯ ರುಚಿ ಎನ್ನುವವರು ಕೆಲವರು. ಆದರೆ ಹೊಗೆಯೇ ಇಲ್ಲದ ಕರೆಂಟಿನ ಓಟಿಜಿ ಓವನ್ನಿನಲ್ಲಿ ಒಂದು ಗಂಟೆ ಇಟ್ಟು ತೆಗೆದ ಗೆಣಸೂ ಹಾಗೇ ಸಿಹಿಯಾಗುತ್ತದೆ. ನೀರು ಆರಿಹೋಗಿ ಇದ್ದ ಸಿಹಿಯೇ ಗಟ್ಟಿಯಾಗುತ್ತದೆ ಎನ್ನುವವರು ಇನ್ನು ಕೆಲವರು. ಇದರಲ್ಲಿ ಸತ್ಯವಿದೆ, ಅರ್ಧ ಮಾತ್ರ. ಹಸಿ ಗೆಣಸನ್ನು ಹೋಳು ಮಾಡಿ ಬಿಸಿಲಿಗೆ ಹರವಿದರೆ ಅದರ ನೀರು ಪೂರಾ ಹೋಗುತ್ತದೆ. ಆದರೂ ಆ ಒಣ ಹೋಳನ್ನು ಅಗಿದರೆ ಹಿಟ್ಟಿನ ರುಚಿಯೇ ಮುಂದು. ನೀರು ಹೋದರಷ್ಟೇ ಸಾಲದು, ಬಿಸಿ ಒಳಗೆ ಇನ್ನೇನೋ ಕೆಲಸ ಮಾಡಿರಬೇಕು.

ಹಸಿಯಲ್ಲಿ ಇಲ್ಲದ ಸಕ್ಕರೆ

ಹಸಿ ಗೆಣಸಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಉಳಿದದ್ದರಲ್ಲಿ ದೊಡ್ಡ ಪಾಲು ಪಿಷ್ಟ. ಅಕ್ಕಿಯಲ್ಲೂ ರಾಗಿಯಲ್ಲೂ ಇರುವ ಪಿಷ್ಟವೇ ಅದು, ನಾಲಿಗೆಗೆ ಸಪ್ಪೆ. ಜೊತೆಗೆ ಸ್ವಲ್ಪ ಸಕ್ಕರೆಯೂ ಇರುತ್ತದೆ: ನಾವು ಕಾಫಿಗೆ ಹಾಕುವ ಸುಕ್ರೋಸ್, ಅದರ ಬದಿಯಲ್ಲಿ ಒಂದಿಷ್ಟು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಹಸಿ ಗೆಣಸು ಕಚ್ಚಿದಾಗ ಸಿಗುವ ಎಳೆ ಸಿಹಿ ಇವುಗಳದು.

ಅದೇ ಗೆಣಸನ್ನು ನಿಧಾನವಾಗಿ ಸುಟ್ಟು ಪರೀಕ್ಷಿಸಿದರೆ ಹಸಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಒಂದು ಸಕ್ಕರೆ ಧಾರಾಳವಾಗಿ ಸಿಗುತ್ತದೆ. ಅದು ಮಾಲ್ಟೋಸ್. ಮೊಳಕೆ ಬಂದ ಕಾಳುಗಳಲ್ಲಿ ಹುಟ್ಟುವ ಸಕ್ಕರೆಯೂ ಇದೇ ಆದ್ದರಿಂದ ಇಲ್ಲಿ ಇದನ್ನು ಮೊಳಕೆ ಸಕ್ಕರೆ ಎನ್ನುತ್ತೇನೆ. ಸುಟ್ಟ ಗೆಣಸಿನ ಸಿಪ್ಪೆ ಬಿರಿದ ಕಡೆ ಕಂದು ಬಣ್ಣದ ಅಂಟು ಒಸರಿ, ನೊರೆಯಾಡಿ, ಗಟ್ಟಿಯಾಗಿ ಕೂತಿರುತ್ತದಲ್ಲ, ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿ ನೋಡಿ. ಆ ಪಾಕದಲ್ಲಿ ಗೆಣಸಿನ ಮೂಲ ಸಕ್ಕರೆಯ ಜೊತೆಗೆ ಇರುವುದು ಬೆಂಕಿಯ ಬಳಿ ಕೂತಿದ್ದ ಹೊತ್ತಿನಲ್ಲಿ ಹೊಸದಾಗಿ ಹುಟ್ಟಿದ ಈ ಮೊಳಕೆ ಸಕ್ಕರೆ.

ಮೊಳಕೆ ಸಕ್ಕರೆಯ ಸಿಹಿ ನಮ್ಮ ಸಾಮಾನ್ಯ ಸಕ್ಕರೆಯ ಸುಮಾರು ಮೂರನೇ ಒಂದು ಭಾಗ ಅಷ್ಟೆ. ಆದರೂ ಗೆಣಸು ಬಾಯಿ ತುಂಬ ಸಿಹಿಯೆನಿಸುವುದು ಅದು ಹುಟ್ಟುವ ಪ್ರಮಾಣದಿಂದ. ಮೊದಲೇ ಇದ್ದ ಸುಕ್ರೋಸ್ ಅದಕ್ಕೆ ಸೇರುತ್ತದೆ, ನೀರು ಆರಿದಷ್ಟೂ ಎರಡೂ ಗಟ್ಟಿಯಾಗುತ್ತವೆ. ಮೇಲಿನಿಂದ, ಸಿಪ್ಪೆಯ ಬಳಿ ಸಕ್ಕರೆ ಕಂದುತಿರುಗಿ ಬಿಡುವ ಪರಿಮಳ. ಮೂಗಿಗೆ ಪಾಕದ ವಾಸನೆ ಬಂದರೆ ನಾಲಿಗೆಗೂ ಸಿಹಿ ಹೆಚ್ಚಿದಂತೆ ತೋರುತ್ತದೆ.

ಸುತ್ತಿಟ್ಟ ಮಾಲೆ

ಪಿಷ್ಟದಿಂದ ಸಕ್ಕರೆ ಹುಟ್ಟುವುದು ಹೇಗೆ? ಪಿಷ್ಟವೆಂದರೆ ಗ್ಲೂಕೋಸಿನ ಮಾಲೆ. ಹೂವಾಡಗಿತ್ತಿ ಕಟ್ಟಿದ ಸೇವಂತಿಗೆ ಮಾಲೆಯಲ್ಲಿ ಹೂವಿನ ಹಿಂದೆ ಹೂವು ಬರುವಂತೆ ಇಲ್ಲಿ ಗ್ಲೂಕೋಸಿನ ಹಿಂದೆ ಗ್ಲೂಕೋಸ್, ಸಾವಿರಾರು. ಬಿಡಿಬಿಡಿಯಾಗಿದ್ದರೆ ಸಿಹಿಯಾಗಿರುವ ಗ್ಲೂಕೋಸು ಹೀಗೆ ಮಾಲೆಯಾದಾಗ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಈ ಮಾಲೆಯನ್ನು ಒಂದು ತುದಿಯಿಂದ ಎರಡೆರಡು ಹೂವಿನಂತೆ ಕತ್ತರಿಸುತ್ತ ಹೋದರೆ ಬೀಳುವ ಪ್ರತಿ ಜೋಡಿಯೂ ಒಂದು ಮಾಲ್ಟೋಸ್.

ಕತ್ತರಿಸುವುದಕ್ಕೆ ಕತ್ತರಿ ಬೇಕು. ಗೆಣಸು ಅದನ್ನು ತನ್ನೊಳಗೇ ಇಟ್ಟುಕೊಂಡಿದೆ. ಅದೊಂದು ಕಿಣ್ವ, ಹೆಸರು ಬೀಟಾ-ಅಮೈಲೇಸ್. ಎರಡೆರಡಾಗಿ ಕತ್ತರಿಸುವುದರಿಂದ ಜೋಡಿಗತ್ತರಿ ಎಂದು ಕರೆಯೋಣ. ಗೆಣಸಿನಲ್ಲಿ ಇದು ಎಷ್ಟು ಹೇರಳವೆಂದರೆ, ನೀರಿನಲ್ಲಿ ಕರಗುವ ಪ್ರೋಟೀನುಗಳ ಪೈಕಿ ಸ್ಪೊರಾಮಿನ್ ಎಂಬುದರ ನಂತರದ ಸ್ಥಾನ ಇದಕ್ಕೇ. 1946ರಲ್ಲೇ ಅಮೆರಿಕದ ವಿಜ್ಞಾನಿಗಳು ಗೆಣಸಿನಿಂದ ಈ ಕಿಣ್ವವನ್ನು ಶುದ್ಧ ಹರಳಾಗಿ ಬೇರ್ಪಡಿಸಿದ್ದರು. ಆಲೂಗಡ್ಡೆಯನ್ನು ಅದೇ ಬೂದಿಯಲ್ಲಿ ಅಷ್ಟೇ ಹೊತ್ತು ಹೂತಿಟ್ಟರೂ ಸಿಹಿಯಾಗದಿರುವುದಕ್ಕೆ ಕಾರಣ ಇಲ್ಲೇ ಇದೆ. ಅದರಲ್ಲಿ ಪಿಷ್ಟ ಬೇಕಾದಷ್ಟಿದೆ, ಜೋಡಿಗತ್ತರಿ ತೀರಾ ಕಡಿಮೆ.

ಮಾಲೆಯೂ ಕತ್ತರಿಯೂ ಒಂದೇ ಗೆಣಸಿನೊಳಗಿದ್ದ ಮೇಲೆ ಹಸಿಯಲ್ಲೇ ಎಲ್ಲ ಸಕ್ಕರೆಯಾಗಿ ಹೋಗಬೇಕಿತ್ತಲ್ಲ? ಆಗುವುದಿಲ್ಲ. ಹಸಿ ಗೆಣಸಿನಲ್ಲಿ ಪಿಷ್ಟದ ಮಾಲೆಗಳು ಬಿಗಿಯಾಗಿ ಸುತ್ತಿ, ತುದಿಗಳನ್ನು ಒಳಗೆ ಸಿಕ್ಕಿಸಿ, ಸಣ್ಣ ಸಣ್ಣ ಉಂಡೆಗಳಾಗಿ ಕೂತಿರುತ್ತವೆ. ಕತ್ತರಿಗೆ ತುದಿಯೇ ಸಿಗುವುದಿಲ್ಲ. ಬಿಸಿ ತಾಗಿದಾಗ ಉಂಡೆಗಳು ಗೆಣಸಿನಲ್ಲೇ ಇರುವ ನೀರನ್ನು ಹೀರಿ, ಉಬ್ಬಿ, ಸಡಿಲವಾಗುತ್ತವೆ. ಗಂಜಿ ಕಾಯಿಸುವಾಗ ಇದ್ದಕ್ಕಿದ್ದಂತೆ ಮಂದವಾಗುವ ಗಳಿಗೆ ಇದೆಯಲ್ಲ, ಆಗ ನಡೆಯುವುದೂ ಇದೇ. ಗೆಣಸಿನ ಪಿಷ್ಟ ಹೀಗೆ ಸಡಿಲವಾಗತೊಡಗುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ.

ಹದದ ಬಿಸಿ

ಆದರೆ ಕತ್ತರಿಗೂ ಒಂದು ಮಿತಿಯಿದೆ. ಕಿಣ್ವಗಳು ಬಹುಪಾಲು ಪ್ರೋಟೀನುಗಳು, ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾಗುವುದಕ್ಕೆ ಕಾರಣವಾದ ಬಿಸಿಯೇ ಅವುಗಳ ಆಕಾರವನ್ನೂ ಕೆಡಿಸುತ್ತದೆ. ಗೆಣಸಿನ ಜೋಡಿಗತ್ತರಿ ಬಿಸಿಗೆ ಸಾಕಷ್ಟು ಗಟ್ಟಿಗ. ಆದರೂ 75 ಡಿಗ್ರಿ ದಾಟುತ್ತಿದ್ದಂತೆ ಸೋಲತೊಡಗುತ್ತದೆ, ಇನ್ನೂ ಸ್ವಲ್ಪ ಮೇಲೇರಿದರೆ ಕೆಲಸ ನಿಂತೇ ಹೋಗುತ್ತದೆ. ಒಮ್ಮೆ ಕೆಟ್ಟ ಕತ್ತರಿ ಮತ್ತೆ ತಣ್ಣಗಾದರೂ ಸರಿಹೋಗುವುದಿಲ್ಲ.

60ಕ್ಕಿಂತ ಕೆಳಗೆ ತುದಿ ಸಿಗದು, 80ರ ಸುತ್ತಮುತ್ತ ಕತ್ತರಿ ಉಳಿಯದು. ನಡುವಿನ ಹದಿನೈದಿಪ್ಪತ್ತು ಡಿಗ್ರಿಯಲ್ಲಿ ಮಾತ್ರ ಬಿಚ್ಚಿದ ಮಾಲೆಗಳೂ ಮೊನಚಾದ ಕತ್ತರಿಗಳೂ ಒಟ್ಟಿಗೆ ಇರುತ್ತವೆ. ಇದನ್ನು ಹದದ ಬಿಸಿ ಎಂದುಕೊಂಡರೆ ಗೆಣಸಿನ ಇಡೀ ಗುಟ್ಟು ಒಂದು ಸಾಲಿಗೆ ಬರುತ್ತದೆ: ಗೆಣಸಿನ ಒಳತಿರುಳು ಹದದ ಬಿಸಿಯಲ್ಲಿ ಎಷ್ಟು ಹೊತ್ತು ಕಳೆಯಿತೋ ಅಷ್ಟು ಸಿಹಿ. ಒಲೆ ಎಷ್ಟು ಬಿಸಿಯಿತ್ತು ಎನ್ನುವುದಕ್ಕಿಂತ, ಆ ನಡುವಿನ ದಾರಿಯನ್ನು ಗೆಣಸು ನಡೆದು ದಾಟಿತೋ ಓಡಿ ದಾಟಿತೋ ಎನ್ನುವುದು ಮುಖ್ಯ. ಈ ಕೆಲಸದಲ್ಲಿ ಆಲ್ಫಾ-ಅಮೈಲೇಸ್ ಎಂಬ ಇನ್ನೊಂದು ಕಿಣ್ವದ ನೆರವೂ ಇದೆ. ಅದು ಮಾಲೆಯನ್ನು ನಡುನಡುವೆ ತುಂಡರಿಸಿ ಜೋಡಿಗತ್ತರಿಗೆ ಹೊಸ ತುದಿಗಳನ್ನು ಒದಗಿಸುತ್ತದೆ.

200 ಡಿಗ್ರಿಯ ಗಾಳಿ, 97 ಡಿಗ್ರಿಯ ನೀರು

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಓಟಿಜಿಯ ಗುಂಡಿ 200 ಡಿಗ್ರಿ ತೋರಿಸುತ್ತದೆ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿರುವ ತುಮಕೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಹಾಗಾದರೆ ಓಟಿಜಿಯಲ್ಲೇ ಗೆಣಸು ಬೇಗ ಬೇಯಬೇಕಲ್ಲ?

ಆಗುವುದು ತಿರುಗುಮುರುಗು. 200 ಡಿಗ್ರಿಯ ಓವನ್ನಿನ ಬಾಗಿಲು ತೆಗೆದು ಕೈಯನ್ನು ಒಳಗೆ ಒಂದು ಗಳಿಗೆ ಆಡಿಸಿ, ಏನನ್ನೂ ಮುಟ್ಟದೆ ಹೊರಗೆ ತಂದರೆ ಸುಡುವುದಿಲ್ಲ. ಕುದಿಯುವ ನೀರಿಗೆ ಅಷ್ಟೇ ಹೊತ್ತು ಬೆರಳು ಅದ್ದುವ ಧೈರ್ಯ ಯಾರಿಗೂ ಇಲ್ಲ. ಗಾಳಿಗೆ ಬಿಸಿಯನ್ನು ದಾಟಿಸುವ ಶಕ್ತಿ ತೀರಾ ಕಡಿಮೆ, ನೀರಿಗೂ ಹಬೆಗೂ ತೀರಾ ಹೆಚ್ಚು. ಅದರ ಜೊತೆಗೆ ಓವನ್ನಿನಲ್ಲಿ ಗೆಣಸಿನ ಮೈಯಿಂದ ನೀರು ಆವಿಯಾಗುತ್ತ ಬಂದ ಬಿಸಿಯಲ್ಲಿ ಒಂದು ಪಾಲನ್ನು ಹೊತ್ತೊಯ್ಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಇದೇ ಕಾರಣಕ್ಕೆ. ಸಿಪ್ಪೆ ಹಸಿಯಾಗಿರುವವರೆಗೆ ಅದರ ಬಿಸಿ 100ರ ಮೇಲೆ ಹೆಚ್ಚು ಏರದು, ಸುತ್ತಲಿನ ಗಾಳಿ 200 ಇದ್ದರೂ ಸರಿಯೇ.

ಕುಕ್ಕರು ಇದಕ್ಕೆ ತದ್ವಿರುದ್ಧ. ಒತ್ತಡದಿಂದಾಗಿ ಒಳಗಿನ ಹಬೆ ಸುಮಾರು 120 ಡಿಗ್ರಿ ಮುಟ್ಟುತ್ತದೆ, ಗೆಣಸಿನ ಮೈಮೇಲೆ ನೀರಾಗಿ ಇಳಿಯುವಾಗ ತನ್ನ ಬಿಸಿಯನ್ನೆಲ್ಲ ಅಲ್ಲೇ ಸುರಿಯುತ್ತದೆ. ಹೋಳು ಮಾಡಿ ಹಾಕಿದ್ದರಂತೂ ಮುಗಿಯಿತು. ಹದದ ಬಿಸಿ ಬಂದದ್ದೂ ಹೋದದ್ದೂ ಒಂದೇ. ಮೂರನೇ ಸೀಟಿ ಬೀಳುವ ಹೊತ್ತಿಗೆ ಪಿಷ್ಟವೆಲ್ಲ ಬೆಂದಿದೆ, ಕತ್ತರಿಗಳೆಲ್ಲ ಕೆಟ್ಟಿವೆ, ಸಕ್ಕರೆಯಾಗಬಹುದಾಗಿದ್ದ ಎಷ್ಟೋ ಪಿಷ್ಟ ಹಿಟ್ಟಾಗಿಯೇ ಉಳಿದಿದೆ. ಮೈಕ್ರೋವೇವಿನಲ್ಲಿ ಇನ್ನೂ ಅವಸರ. ಅದು ತಿರುಳನ್ನು ನೇರವಾಗಿಯೇ ಕಾಯಿಸಿಬಿಡುತ್ತದೆ, ಅಲ್ಲಿ ಬೆಂದ ಗೆಣಸು ಸಪ್ಪೆಯೆನಿಸಿದರೆ ಗೆಣಸಿನದು ತಪ್ಪಲ್ಲ.

ಇಡಿಯ ಗೆಣಸನ್ನು ತಣ್ಣೀರಿನಲ್ಲಿಟ್ಟು ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿದರೆ ಕುಕ್ಕರಿಗಿಂತ ಸಿಹಿ ಬರುತ್ತದೆ, ಅದರಲ್ಲೂ ದಪ್ಪ ಗೆಣಸಿಗೆ. ಬಿಸಿ ಮೈಯಿಂದ ನಡುತಿರುಳಿಗೆ ತಲುಪುವ ಹೊತ್ತು ದಪ್ಪವನ್ನು ಅವಲಂಬಿಸಿದೆ, ಅದೂ ಸುಮ್ಮನೆ ಅಲ್ಲ: ದಪ್ಪ ಎರಡು ಪಟ್ಟಾದರೆ ಹೊತ್ತು ಹೆಚ್ಚುಕಡಿಮೆ ನಾಲ್ಕು ಪಟ್ಟು. ಹಾಗಾಗಿ ಸುಡುವುದಕ್ಕೆ ಬೆರಳುಗಾತ್ರದ್ದು ಬೇಡ. ಹಿಡಿಗೆ ತುಂಬುವಂಥದ್ದನ್ನು ಆರಿಸಿಕೊಳ್ಳಿ.

ಹಂಡೆ ಒಲೆಯ ಜಾಣತನ

ಗುಬ್ಬಿ ಸುತ್ತಿನ ತೋಟದ ಮನೆಗಳಲ್ಲಿ ಸೌದೆಗೆ ಬರವಿಲ್ಲ. ಒಣಗರಿ, ಮಟ್ಟೆ, ಕರಟ, ಹೊಂಬಾಳೆ, ತೆಂಗಿನ ಮರದಿಂದ ಬಿದ್ದದ್ದೆಲ್ಲ ಹಂಡೆ ಒಲೆಗೇ. ಗರಿ ಭಗ್ಗನೆ ಉರಿದು ಹೋಗುತ್ತದೆ. ಮಟ್ಟೆ ಹಾಗಲ್ಲ, ಉರಿ ಆರಿದ ಮೇಲೂ ಒಳಗೊಳಗೇ ಕನಲುತ್ತ ಕೂರುತ್ತದೆ. ಮನೆಮಂದಿಯ ಸ್ನಾನ ಮುಗಿಯುವ ಹೊತ್ತಿಗೆ ಒಲೆಯಲ್ಲಿ ಉರಿ ಇರುವುದಿಲ್ಲ, ಕೆಂಡದ ಮೇಲೆ ಮೆತ್ತನೆಯ ಬೂದಿ ಹಾಸಿಕೊಂಡಿರುತ್ತದೆ. ಗೆಣಸು ಹೂಳುವುದು ಆಗ. “ಉರಿಗೆ ಹಾಕ್ಬೇಡ ಕಣೋ ಮಗ, ಸೀದೋಗುತ್ತೆ. ಬೂದೀಲಿ ಹೂತ್ಬಿಡು, ತಾನೇ ಬೇಯುತ್ತೆ” ಎಂದು ಅಜ್ಜಿಯರು ಹೇಳುವ ಮಾತಿನಲ್ಲಿ ಈ ಅಧ್ಯಾಯದ ಅರ್ಧ ವಿಜ್ಞಾನ ಅಡಗಿದೆ.

ಬೂದಿ ತುಂಬ ಗಾಳಿಯನ್ನು ಹಿಡಿದಿಟ್ಟುಕೊಂಡ ಪುಡಿ, ಬಿಸಿಯನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಕೆಂಡಕ್ಕೆ ಗಾಳಿ ಹೆಚ್ಚು ಸಿಗದಂತೆ ಮುಚ್ಚಿ ಅದು ಬೇಗ ಉರಿದುಹೋಗದಂತೆಯೂ ತಡೆಯುತ್ತದೆ. ಇನ್ನೊಂದು ಅನುಕೂಲವಿದೆ, ನನಗೆ ಅದೇ ಎಲ್ಲಕ್ಕಿಂತ ಚೆಂದ ಅನ್ನಿಸುತ್ತದೆ. ಸ್ಟೌ ಮೇಲೆ ಹೊತ್ತು ಹೋದಂತೆ ಬಿಸಿ ಏರುತ್ತದೆ, ಆರುತ್ತಿರುವ ಒಲೆಯಲ್ಲಿ ಹೊತ್ತು ಹೋದಂತೆ ಇಳಿಯುತ್ತದೆ. ಹೊರಗಿನ ಬಿಸಿ ಇಳಿಯುತ್ತ, ಒಳಗಿನ ತಿರುಳಿನ ಬಿಸಿ ಏರುತ್ತ ಎರಡೂ ನಡುವೆ ಸಂಧಿಸುವಾಗ, ಗೆಣಸು ಹದದ ಬಿಸಿಯಲ್ಲಿ ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಥರ್ಮಾಮೀಟರು ಹಿಡಿದು ಇದಕ್ಕಿಂತ ಒಳ್ಳೆಯ ಏರ್ಪಾಡು ಮಾಡುವುದು ಸುಲಭವಲ್ಲ. ಜಪಾನಿನಲ್ಲಿ ಚಳಿಗಾಲದ ಬೀದಿಗಳಲ್ಲಿ ಮಾರುವ ಇಶಿ-ಯಾಕಿ-ಇಮೊ ಎಂಬ ಸುಟ್ಟ ಗೆಣಸು ಕೂಡ ಇದೇ ತತ್ವದ್ದು. ಅವರು ಬೂದಿಯ ಬದಲು ಕಾದ ಬೆಣಚುಕಲ್ಲುಗಳ ನಡುವೆ ಗೆಣಸನ್ನು ಹೂತು ನಿಧಾನವಾಗಿ ಬೇಯಿಸುತ್ತಾರೆ.

ಓಟಿಜಿ ಇರುವ ಮನೆಯಲ್ಲಿ

ಬಚ್ಚಲಿಗೆ ಗೀಸರು, ಸೋಲಾರು ಬಂದ ಮೇಲೆ ತುಮಕೂರು ನಗರದಲ್ಲಿ ಹಂಡೆ ಒಲೆ ಹುಡುಕಿದರೂ ಸಿಗುವುದು ಕಷ್ಟ. ಓಟಿಜಿ ಇದ್ದರೆ ಸಾಕು. ಗೆಣಸನ್ನು ತೊಳೆದು, ಒರೆಸಿ, ಸಿಪ್ಪೆ ತೆಗೆಯದೆ ಇಡಿಯಾಗಿ ಇಡಿ. ಅಲ್ಲಲ್ಲಿ ಫೋರ್ಕಿನಿಂದ ಚುಚ್ಚಿದರೆ ಹಬೆಗೆ ದಾರಿಯಾಗುತ್ತದೆ. ಓವನ್ನನ್ನು ಮೊದಲೇ ಕಾಯಿಸಬೇಡಿ. ಕೇಕಿಗೆ ಬೇಕಾದ ಆ ನಿಯಮ ಇಲ್ಲಿ ಕೆಲಸ ಕೆಡಿಸುತ್ತದೆ. ತಣ್ಣಗಿರುವಾಗಲೇ ಗೆಣಸನ್ನಿಟ್ಟು, ಮೊದಲ ಮುಕ್ಕಾಲು ಗಂಟೆ 120 ಡಿಗ್ರಿಯ ಆಸುಪಾಸಿನಲ್ಲಿ ಬಿಟ್ಟು, ಆಮೇಲೆ 200ಕ್ಕೆ ಏರಿಸಿ ಇನ್ನೊಂದು ಮುಕ್ಕಾಲು ಗಂಟೆ ಕೊಡಿ. ಮೊದಲ ಪಾಳಿ ಸಕ್ಕರೆ ಹುಟ್ಟಿಸುವುದಕ್ಕೆ, ಎರಡನೆಯದು ಪೂರಾ ಬೆಂದು ಸಿಪ್ಪೆ ಕಂದುವುದಕ್ಕೆ. ಅಲ್ಯುಮಿನಿಯಂ ಹಾಳೆ ಸುತ್ತಿದರೆ ಹಬೆ ಒಳಗೇ ಸಿಕ್ಕಿಬಿದ್ದು ಬೇಯಿಸಿದ ಗೆಣಸಿನಂತಾಗುತ್ತದೆ, ಸುಟ್ಟ ಪರಿಮಳ ಬರುವುದಿಲ್ಲ. ಒಂದೆರಡಕ್ಕಾಗಿ ಇಷ್ಟು ಕರೆಂಟು ಸುಡುವುದು ದಂಡ. ತಟ್ಟೆ ತುಂಬ ಇಡಿ.

ಕಿತ್ತ ದಿನವೇ ಸುಟ್ಟ ಗೆಣಸಿಗಿಂತ ಕೆಲವು ವಾರ ಇಟ್ಟದ್ದು ಹೆಚ್ಚು ಸಿಹಿ, ಯಾಕೆಂದರೆ ಇಟ್ಟಲ್ಲೇ ಅದರ ಪಿಷ್ಟ ಸ್ವಲ್ಪ ಸ್ವಲ್ಪ ಸಕ್ಕರೆಯಾಗುತ್ತಿರುತ್ತದೆ. ಗಾಳಿಯಾಡುವ ನೆರಳಿನಲ್ಲಿಡಿ, ಮಣ್ಣು ತೊಳೆಯದೆ ಇಡಿ. ಫ್ರಿಜ್ಜಿನಲ್ಲಿ ಮಾತ್ರ ಬೇಡ. ಉಷ್ಣವಲಯದ ಈ ಬೇರಿಗೆ 12 ಡಿಗ್ರಿಗಿಂತ ಕೆಳಗಿನ ಚಳಿ ಆಗದು. ಜೀವಕೋಶಗಳಿಗೆ ಪೆಟ್ಟು ಬಿದ್ದು, ಆಮೇಲೆ ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿದುಬಿಡುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ

ಗೆಣಸು ಒಳ್ಳೆಯದಂತೆ, ಸಕ್ಕರೆ ಏರಿಸುವುದಿಲ್ಲವಂತೆ ಎಂಬ ಮಾತು ಈಚೆಗೆ ಬಹಳ ಓಡಾಡುತ್ತಿದೆ. ಯಾವ ಗೆಣಸು ಎನ್ನುವುದಕ್ಕಿಂತ ಹೇಗೆ ಬೇಯಿಸಿದ ಗೆಣಸು ಎಂದು ಮೊದಲು ಕೇಳಬೇಕು. ತಿಂದ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬುದಕ್ಕೆ ಗ್ಲೈಸೀಮಿಕ್ ಇಂಡೆಕ್ಸ್ ಎಂಬ ಅಳತೆಯಿದೆ, ಶುದ್ಧ ಗ್ಲೂಕೋಸಿಗೆ ಅದು 100. ಜಮೈಕಾದ ಹತ್ತು ತಳಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೀರಿನಲ್ಲಿ ಬೇಯಿಸಿದ ಗೆಣಸು 50ರ ಒಳಗೇ ಉಳಿದರೆ, ಓವನ್ನಿನಲ್ಲಿ ಸುಟ್ಟದ್ದು 80 ದಾಟಿತು. ಮಾಲೆ ಆಗಲೇ ಕತ್ತರಿಸಿ ಬಂದಿರುವಾಗ ಹೊಟ್ಟೆಗೆ ಕೆಲಸ ಕಡಿಮೆ. ನಾಲಿಗೆಗೆ ಇಷ್ಟವಾದ ಅದೇ ಕಾರಣಕ್ಕೆ ಸುಟ್ಟ ಗೆಣಸನ್ನು ಮಧುಮೇಹಿಗಳು ಮಿತಿಯಲ್ಲಿಡಬೇಕು, ಬೇಯಿಸಿದ್ದನ್ನು ಆರಿಸಿಕೊಳ್ಳುವುದು ಮೇಲು. ಮನೆಯಲ್ಲಿ ಕುಕ್ಕರಿನ ಗೆಣಸಿಗೂ ಒಂದು ಜಾಗವಿದೆ.

ಗಂಜಿಯಲ್ಲೊಂದು ಪರೀಕ್ಷೆ

ಇಷ್ಟೆಲ್ಲ ಓದಿದ ಮೇಲೂ ಕತ್ತರಿ, ಮಾಲೆ ಎಲ್ಲ ಬರೀ ಮಾತು ಅನ್ನಿಸಿದರೆ ಅಡುಗೆಮನೆಯಲ್ಲೇ ನೋಡಬಹುದು. ನಮ್ಮ ರಾಗಿಯ ಸೀಮೆಗೆ ಇದರ ತತ್ವ ಹೊಸದೇನಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಮಗುವಿಗೆ ಗಂಜಿ ಕಾಯಿಸಿದರೆ, ಸಾದಾ ಹಿಟ್ಟಿನ ಗಂಜಿಗಿಂತ ಅದು ತೆಳ್ಳಗೂ ಸಿಹಿಯಾಗಿಯೂ ಇರುವುದನ್ನು ತಾಯಂದಿರು ಬಲ್ಲರು. ಮೊಳಕೆಯ ಹೊತ್ತಿನಲ್ಲಿ ರಾಗಿಯಲ್ಲಿ ಹುಟ್ಟುವ ಕಿಣ್ವಗಳು ಗೆಣಸಿನ ಈ ಕತ್ತರಿಗಳ ಬಳಗದವೇ.

ಒಂದು ಹಸಿ ಗೆಣಸನ್ನು ತುರಿದು, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯಿರಿ. ರಸವನ್ನು ಎರಡು ಪಾಲು ಮಾಡಿ, ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಐದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ. ಈಗ ಅಕ್ಕಿಯ ನುಣ್ಣನೆ ಗಂಜಿಯನ್ನು ಉಪ್ಪು, ಬೆಲ್ಲ ಏನೂ ಹಾಕದೆ ಮಂದವಾಗಿ ಕಾಯಿಸಿ. ಅದು ಬೆರಳು ಅದ್ದಿದರೆ ಚುರುಕ್ಕೆನ್ನುವ, ಆದರೆ ಕುದಿಯದ ಬಿಸಿಗೆ, ಅಂದರೆ ಸುಮಾರು 65 ಡಿಗ್ರಿಗೆ ಇಳಿದಾಗ ಎರಡು ಫ್ಲಾಸ್ಕುಗಳಿಗೆ ಹಂಚಿ. ಒಂದಕ್ಕೆ ಹಸಿ ರಸ, ಇನ್ನೊಂದಕ್ಕೆ ಕುದಿಸಿದ ರಸ ಹಾಕಿ, ಕಲಸಿ, ಮುಚ್ಚಳ ಬಿಗಿದು ಎರಡು ಗಂಟೆ ಬಿಡಿ. ಆಮೇಲೆ ಎರಡನ್ನೂ ಬೇರೆ ಬೇರೆ ಲೋಟಕ್ಕೆ ಬಗ್ಗಿಸಿ, ಒಂದು ಕುದಿ ಬರಿಸಿ, ಆರಿಸಿ ರುಚಿ ನೋಡಿ. ಹಸಿ ರಸ ಬಿದ್ದ ಗಂಜಿ ತೆಳ್ಳಗಾಗಿ ಹರಿಯುತ್ತದೆ, ಸಿಹಿಯಾಗಿರುತ್ತದೆ. ಇನ್ನೊಂದು ಮಂದವಾಗಿ, ಸಪ್ಪೆಯಾಗಿಯೇ ಉಳಿದಿರುತ್ತದೆ, ಅದಕ್ಕೆ ಹಾಕಿದ ರಸದಲ್ಲಿದ್ದ ಕತ್ತರಿಗಳನ್ನು ನಾವು ಮೊದಲೇ ಕುದಿಸಿ ಕೆಡಿಸಿದ್ದೆವು.